ಹಾಲಿನ ಸಂಘದ ಬ್ಯಾಕಪ್ಪು

ಹಲ್ಲಿ ಮನುಷ್ಯರ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂಬುದು ಪಂಚಾಂಗದಲ್ಲಿ ಸಿಗುತ್ತದೆ. ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಬಿದ್ದರೆ ಏನು ಫಲ ಎಂಬುದನ್ನು ಮಾತ್ರ ಯಾವ ಜೋಯಿಸರೂ ಇದುವರೆಗೆ ಬರೆದಿಲ್ಲ. ಬರೆದಿದ್ದರೆ ಹುಲಿಕಟ್ಟೆಪಾಳ್ಯದ ಹಾಲಿನ ಸಂಘದ ಕಾರ್ಯದರ್ಶಿ ಮಹೇಂದ್ರ ಆ ಆಷಾಢದ ಶುಕ್ರವಾರ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

ಅವನು ಎದ್ದ, ಮುಖ ತೊಳೆದ, ಸಂಘದ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕಂಪ್ಯೂಟರಿನ ಗುಂಡಿ ಒತ್ತಿದ. ಒಳಗೆ ಬೆಚ್ಚಗೆ ಮಲಗಿದ್ದ ಹಲ್ಲಿ ಗಾಬರಿಬಿದ್ದು ಎಲ್ಲಿ ಕಾಲಿಡಬಾರದೋ ಅಲ್ಲೇ ಕಾಲಿಟ್ಟಿತು. ಚಟ್ ಎಂದು ಒಂದು ಸದ್ದು, ಸುಟ್ಟ ವಾಸನೆ. ಆಮೇಲೆ ಹಲ್ಲಿಯೂ ಇಲ್ಲ, ಕಂಪ್ಯೂಟರೂ ಇಲ್ಲ.

ಇದರಲ್ಲೇನು ದೊಡ್ಡ ವಿಷಯ ಎಂದು ಪೇಟೆಯವರಿಗೆ ಅನ್ನಿಸಬಹುದು. ಹಾಲಿನ ಸಂಘದಲ್ಲಿ ಕಂಪ್ಯೂಟರ್ ಎಂದರೆ ನ್ಯಾಯಾಧೀಶ. ತಂದ ಹಾಲಿನಲ್ಲಿ ಒಂದು ಗುಟುಕನ್ನು ಪರೀಕ್ಷೆಯ ಯಂತ್ರ ಹೀರಿಕೊಂಡು, ಜಿಡ್ಡೆಷ್ಟು ನೀರೆಷ್ಟು ಎಂದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಅದನ್ನು ಗೋಡೆಯ ಮೇಲಿನ ಬೋರ್ಡಿನಲ್ಲಿ ಊರಿಗೆಲ್ಲ ಕಾಣುವಂತೆ ಕೆಂಪಕ್ಷರದಲ್ಲಿ ತೋರಿಸುತ್ತದೆ. ಯಾರ ಮುಖವನ್ನೂ ನೋಡದ, ಯಾರ ಮನೆಯ ಊಟಕ್ಕೂ ಹೋಗದ ಯಂತ್ರ ಅದು. ಅದು ಕೆಟ್ಟ ದಿನ ಸಂಘದಲ್ಲಿ ಹಳೆಯ ಪದ್ಧತಿ: ಗಟ್ಟಿ ಹಾಲು, ತೆಳು ಹಾಲು ಎನ್ನದೆ ಎಲ್ಲರಿಗೂ ಒಂದೇ ಸರಾಸರಿ ಹಾಕಿ ಒಟ್ಟಿಗೆ ಸುರಿದುಕೊಳ್ಳುವುದು. ಆ ಬೆಳಗ್ಗೆ ಮಹೇಂದ್ರ ಹಾಗೇ ಸುರಿದುಕೊಂಡ. ಜನ ಅವನ ಬೆನ್ನು ತಟ್ಟಿ, ಸಮಾಧಾನ ಹೇಳಿ, ನಗುನಗುತ್ತಾ ಹೋದರು. ಒಬ್ಬರಾದರೂ ಬೈಯಲಿಲ್ಲವಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು.

ಮಹೇಂದ್ರನಿಗೆ ಕಣ್ಣು ತುಂಬುವುದಕ್ಕೆ ಹೆಚ್ಚು ಕಾರಣ ಬೇಕಾಗಿರಲಿಲ್ಲ. ಕನಕಪುರದ ಕಡೆಯಿಂದ ಒಂದು ಬ್ಯಾಗು ಹಿಡಿದು ಬಂದವನಿಗೆ ಈ ಊರು ಕೆಲಸ ಕೊಟ್ಟಿತ್ತು. ಸಂಘದ ಅಧ್ಯಕ್ಷ ರೇವಣಸಿದ್ದಯ್ಯನವರು ತಮ್ಮ ಹಿತ್ತಲ ಮನೆಯನ್ನು ಬಾಡಿಗೆ ಮಾತೆತ್ತದೆ ಬಿಟ್ಟುಕೊಟ್ಟಿದ್ದರು. ಮದುವೆಯಾಗಿ ಚೈತ್ರಾ ಬಂದಾಗ ಊರ ಹೆಂಗಸರು ಹಸು ಕಟ್ಟುವುದನ್ನು ಕಲಿಸಿದ್ದರು. ಇಷ್ಟೆಲ್ಲ ಆದರೂ ಅವನ ಹುದ್ದೆಯ ಹಿಂದೆ ‘ತಾತ್ಕಾಲಿಕ’ ಎಂಬ ಪದ ಮಾತ್ರ ವರ್ಷಗಳಿಂದ ಅಂಟಿಕೊಂಡೇ ಇತ್ತು. ದೊಡ್ಡಮಳೂರಿನ ಮಾವ ಫೋನು ಮಾಡಿದಾಗಲೆಲ್ಲ ಕ್ಷೇಮ ಕೇಳುವ ಮೊದಲು “ಕಾಯಂ ಆಯ್ತಾ?” ಎಂದು ಕೇಳುತ್ತಿದ್ದರು.

ಕಾಯಂ ಆಗುವ ದಿನ ಇವತ್ತೇ. ಸಂಜೆ ಹಾಲಿನ ಹೊತ್ತಿಗೆ ಮಾಗಡಿಯಿಂದ ಹಾಲು ಒಕ್ಕೂಟದ ಅಧಿಕಾರಿ ರುದ್ರಪ್ರಸಾದ್ ಬರುವವರಿದ್ದರು. ಯಂತ್ರದಲ್ಲಿ ಹಾಲು ಹಿಡಿಯುವುದನ್ನು ಕಣ್ಣಾರೆ ನೋಡಿ, ಎಲ್ಲ ಸರಿಯಿದ್ದರೆ ಆದೇಶವನ್ನು ಅಲ್ಲೇ ಕೈಗೆ ಕೊಡುವುದೆಂದು ಮಾತಾಗಿತ್ತು. ಸರಿಯಿಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು. ಮಹೇಂದ್ರ ಮತ್ತೆ ಬ್ಯಾಗು ಹಿಡಿಯುವುದು.

ಕಂಪ್ಯೂಟರ್ ಸತ್ತ ಸುದ್ದಿಗೆ ಊರು ನೆರೆಯಿತು. ಲೈನ್‌ಮನ್ ಆಗಿ ನಿವೃತ್ತರಾಗಿದ್ದ ಮುನಿರಾಮಯ್ಯ ಸುಟ್ಟ ಹಲ್ಲಿಯನ್ನು ಪೊರಕೆ ಕಡ್ಡಿಯಲ್ಲಿ ಎತ್ತಿ ಪರೀಕ್ಷಿಸಿದರು. ಊರಿನಲ್ಲಿ ಯಾವುದೇ ವಸ್ತು ಕೆಟ್ಟರೂ, ಅದು ಟಿವಿಯಾಗಲಿ ಮೊಣಕಾಲಾಗಲಿ, ಅವರು ಹೇಳುವ ಕಾರಣ ಒಂದೇ.

“ಅರ್ತಿಂಗ್ ಸರೀಗಿಲ್ಲ ಕಣ್ಲಾ,” ಎಂದರು.

“ಅರ್ತಿಂಗ್ ಬುಡು, ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಅದೇಳು ಮೊದ್ಲು,” ಎಂದಳು ಗಂಗಲಕ್ಷ್ಮಮ್ಮ. ಸಂಘಕ್ಕೆ ಎಲ್ಲರಿಗಿಂತ ಹೆಚ್ಚು ಹಾಲು ತರುವವಳು ಅವಳು. ಆ ಹಕ್ಕಿನಿಂದ ಸರತಿಯಲ್ಲಿ ಮೊದಲು ನಿಲ್ಲುವುದೂ, ಎಲ್ಲ ವಿಷಯದಲ್ಲಿ ಮೊದಲು ಮಾತಾಡುವುದೂ ಅವಳೇ.

“ಬಿದ್ದಿದ್ದಲ್ಲ ಗಂಗಕ್ಕ, ಒಳಗೇ ಇತ್ತು,” ಎಂದ ಮಹೇಂದ್ರ. “ಓಗ್ಲಿ ಬುಡಿ, ಗಾಬ್ರಿ ಪಡೋ ಅಂತದ್ದೇನಿಲ್ಲ. ಬ್ಯಾಕಪ್ಪೈತೆ.”

ಇದೊಂದು ಮಾತನ್ನು ಹೇಳುವ ದಿನಕ್ಕಾಗಿ ಅವನು ಕಾದಿದ್ದ. ಹಾಲು ಹಿಡಿಯುವ ತಂತ್ರಾಂಶ ಮಾಡಿಕೊಟ್ಟವನು ಎಂದೋ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ; ಅದನ್ನು ಹೊಸದಾಗಿ ಹಾಕಲು ಸಿಡಿಯೂ ಇರಲಿಲ್ಲ. ಹಾಗಾಗಿ ಹೋದ ಆಯುಧಪೂಜೆಯಲ್ಲಿ, ಊರವರು ಯಂತ್ರದ ಮುಂದೆ ಬೂದುಗುಂಬಳ ಒಡೆಯಲು ಎತ್ತಿದ್ದನ್ನು ನೋಡಿ ಎದೆ ಝಲ್ಲೆಂದು, ಮಹೇಂದ್ರ ಇಡೀ ಸಿಸ್ಟಮ್ಮನ್ನು ಇದ್ದದ್ದು ಇದ್ದಹಾಗೇ ಹೊರಗಿನ ಒಂದು ಡಿಸ್ಕಿಗೆ ಇಳಿಸಿಕೊಂಡಿದ್ದ. ಆ ಡಿಸ್ಕು ಅಂದಿನಿಂದ ದೇವರ ಪಟದ ಹಿಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಹೊಸ ಕಂಪ್ಯೂಟರೂ ಇತ್ತು. ಸಂಘ ಅದನ್ನು ತರಿಸಿ ಎಷ್ಟೋ ದಿನವಾಗಿತ್ತು, ಆದರೆ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸದನ್ನು ಶುರುಮಾಡುವುದು ಬೇಡ ಎಂದು ರೇವಣಸಿದ್ದಯ್ಯನವರು ಪೆಟ್ಟಿಗೆಯ ಟೇಪನ್ನೂ ಕೀಳಲು ಬಿಟ್ಟಿರಲಿಲ್ಲ.

“ಶ್ರಾವಣ ಬರ್ಲಿ ಕಣ್ಲಾ, ಅಲ್ಲೀಗಂಟ ಸರಾಸರಿ ಆಕು,” ಎಂದರು ಈಗಲೂ. ಸುತ್ತ ನಿಂತವರು ಬಹಳ ಉತ್ಸಾಹದಿಂದ ತಲೆಯಾಡಿಸಿದರು.

“ಸಂಜೆ ಸಾಯೇಬ್ರು ಬತ್ತಾರೆ ಯಜಮಾನ್ರೆ. ನನ್ನ ಕೆಲ್ಸದ ಪ್ರಶ್ನೆ,” ಎಂದು ಮಹೇಂದ್ರ ಕೈಮುಗಿದ. “ಆಷಾಢ ಶುಕ್ರವಾರ ದೇವಿಗೇ ಆಯ್ತದಂತೆ, ಕಂಪ್ಯೂಟ್ರಿಗೆ ಆಗಾಕಿಲ್ವಾ?”

ದೇವಿಯ ಹೆಸರು ಬಂದಮೇಲೆ ಅಧ್ಯಕ್ಷರು ಮೆತ್ತಗಾದರು. ದೋಷಕ್ಕೆ ಪರಿಹಾರವಾಗಿ ಯಂತ್ರವನ್ನು ಹಚ್ಚುವಾಗೆಲ್ಲ ಒಂದು ತೆಂಗಿನಕಾಯಿ ಒಡೆಯತಕ್ಕದ್ದು ಎಂದು ಒಪ್ಪಿದರು. ಕಂಪ್ಯೂಟರನ್ನು ಒಂದು ಸಲ ಹಚ್ಚಿದರೆ ಮುಗಿಯಿತು ಎಂದು ನಂಬಿದ ಕಾಲದವರು ಅವರು.

ಪೆಟ್ಟಿಗೆ ಬಿಚ್ಚಿತು. ಪುಟ್ಟಗೆ, ಕರ್ರಗೆ, ಹೊಳೆಯುವ ಯಂತ್ರ. ಮೊದಲ ಕಾಯಿ ಒಡೆಯಿತು. ಮಹೇಂದ್ರ ಬ್ಯಾಕಪ್ಪಿನ ಡಿಸ್ಕನ್ನು ಸಿಕ್ಕಿಸಿ, ಅದರೊಳಗಿನದನ್ನೆಲ್ಲ ಹೊಸದಕ್ಕೆ ಸುರಿಯಲು ಆಜ್ಞೆ ಕೊಟ್ಟ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಹುಳುವಿನಂತೆ ತೆವಳತೊಡಗಿತು.

ಊರಿಗೆ ಊರೇ ಅದರ ಮುಂದೆ ಕೂತಿತು. ಹಸಿರು ಪಟ್ಟಿ ಮುಂದೆ ಹೋದಾಗ “ಬತ್ತಾ ಐತೆ” ಎಂದರು, ನಿಂತಾಗ “ಸುಸ್ತಾಗೈತೆ, ಬುಡ್ಲಾ ಪಾಪ” ಎಂದರು. ತನ್ನ ಕೆಲಸಕ್ಕಾಗಿ ಇವರೆಲ್ಲ ಹೊಲ ಬಿಟ್ಟು ಬಂದು ಕೂತಿದ್ದಾರಲ್ಲ ಎಂದು ಮಹೇಂದ್ರನ ಮನಸ್ಸು ಕರಗಿತು. ಫೋನು ತೆಗೆದು ಮನೆಗೆ ಹೇಳಿದ.

“ಚೈತ್ರಾ, ಎಲ್ರಿಗೂ ಒಸಿ ಕಾಫಿ ಕಳ್ಸು. ಗಟ್ಟಿಯಾಗಿರ್ಲಿ.”

“ಎಲ್ರಿಗೂ ಅಂದ್ರೆ ಎಷ್ಟ್ ಜನ?” ಎಂದಳು ಚೈತ್ರಾ.

“ದೊಡ್ಡ ಪಾತ್ರೇಲಿ ಮಾಡು.”

ಕಾಫಿ ಬಂತು. ಜನ ಕುಡಿದು, ಮಹೇಂದ್ರನಂಥ ಹುಡುಗ ಸುತ್ತ ಊರಲ್ಲಿಲ್ಲ ಎಂದರು. ಹಸಿರು ಪಟ್ಟಿ ಕೊನೆ ಮುಟ್ಟಲು ಕೂದಲೆಳೆಯಷ್ಟು ಉಳಿದಿತ್ತು. ಇಷ್ಟು ಒಳ್ಳೆಯ ಕೆಲಸ ಪೂರ್ತಿಯಾಗುವಾಗ ಕಾಯಿ ಇಲ್ಲದೆ ಹೇಗೆ ಎಂದು ರೇವಣಸಿದ್ದಯ್ಯನವರು ತಾವಾಗಿಯೇ ಎದ್ದು ಇನ್ನೊಂದು ಕಾಯನ್ನು ಹೊಸಲಿಗೆ ಅಪ್ಪಳಿಸಿದರು. ಎಳೆಗಾಯಿ. ನೀರು ಹಾರಿ ನೆಟ್ಟಗೆ ಹೋಗಿ ನೆಲದ ಮೇಲಿದ್ದ ವೈರಿನ ಪೆಟ್ಟಿಗೆಯೊಳಗೆ ಬಿತ್ತು. ಬುಸ್ ಎಂದಿತು, ಇಡೀ ಸಂಘ ಕತ್ತಲಾಯಿತು.

ಆ ಕತ್ತಲಲ್ಲಿ ಮುನಿರಾಮಯ್ಯನವರ ಧ್ವನಿ ತೃಪ್ತಿಯಿಂದ ಕೇಳಿಸಿತು. “ನಾನೇಳ್ನಿಲ್ವಾ, ಅರ್ತಿಂಗು.”

ಫ್ಯೂಸ್ ಕಟ್ಟಿ ಕರೆಂಟು ಬರುವ ಹೊತ್ತಿಗೆ ರಾಹುಕಾಲ ಶುರುವಾಗಿತ್ತು. ಅದು ಮುಗಿಯುವವರೆಗೆ ಗುಂಡಿ ಮುಟ್ಟಲು ಅಧ್ಯಕ್ಷರು ಬಿಡಲಿಲ್ಲ. ಮಹೇಂದ್ರ ಗೋಡೆಗೊರಗಿ ಕೂತ. ತನ್ನ ಕೆಲಸ, ಹಿತ್ತಲ ಮನೆ, ಚೈತ್ರಾ ಮುದ್ದಿನಿಂದ ಸಾಕಿದ ಹಸು, ಎಲ್ಲ ಒಂದೊಂದಾಗಿ ಲಾರಿ ಹತ್ತುವುದು ಕಣ್ಣಿಗೆ ಕಟ್ಟಿತು. ಪಕ್ಕದಲ್ಲಿ ಕೂತಿದ್ದ ಗಂಗಲಕ್ಷ್ಮಮ್ಮ ಅವನ ತಲೆ ಸವರಿದಳು.

“ಆಗ್ದಿದ್ರೆ ಬುಡ್ಲಾ ಕನ್ಮಗ. ಯಾಕಂಗೆ ಮೈ ನೋಯಿಸ್ಕೊತೀಯ? ಸಾಯೇಬ್ರು ಇವತ್ತಲ್ದಿದ್ರೆ ಇನ್ನೊಂದಿನ ಬತ್ತಾರೆ. ಯಂತ್ರ ಇಲ್ದಿದ್ದಾಗ ನಾವು ಬದುಕ್ಲಿಲ್ವಾ?”

ಎಂಥ ತಾಯಿಹೃದಯ ಎಂದುಕೊಂಡ ಮಹೇಂದ್ರ. ಇನ್ನೊಂದು ಸುತ್ತು ಕಾಫಿಗೆ ಹೇಳಿದ. ಆ ಕಡೆಯಿಂದ ಚೈತ್ರಾ “ಮತ್ತಾ?” ಎಂದಳು, ಅಷ್ಟೆ.

ರಾಹುಕಾಲ ಕಳೆದ ಮೇಲೆ ಕಾಯಿಯ ಜಾಗವನ್ನು ರಸ್ತೆಗೆ ಬದಲಾಯಿಸಿ ಎಲ್ಲವನ್ನೂ ಮೊದಲಿಂದ ಶುರುಮಾಡಿದರು. ಹಸಿರು ಪಟ್ಟಿ ಮತ್ತೆ ತೆವಳಿತು. ಹೊಲಕ್ಕೆ ಹೋಗಬೇಕಾದವರು ಹೋಗಲಿಲ್ಲ, ಊಟಕ್ಕೆ ಹೋದವರು ಕೈ ತೊಳೆದು ಓಡಿ ಬಂದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಟ್ಟಿ ಪೂರ್ತಿ ತುಂಬಿ, ಮುಗಿಯಿತು ಎಂಬ ಸಂದೇಶ ಬಂತು. ಮಹೇಂದ್ರ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ರಸ್ತೆಯಲ್ಲಿ ಕಾಯಿ ಒಡೆಯಿತು.

ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷು ಮಿನುಗಿ ನಿಂತಿತು.

“ಏನಂತೆ?” ಎಂದಳು ಗಂಗಲಕ್ಷ್ಮಮ್ಮ.

“ಶುರು ಮಾಡಾಕೆ ಒಳಗೇನೂ ಇಲ್ಲ ಅಂತೈತೆ,” ಎಂದ ಮಹೇಂದ್ರ.

“ಒಳಗೇನೂ ಇಲ್ವಾ? ಬೆಳಗಿಂದ ತುಂಬಿದ್ದು ಎಲ್ಲೋಯ್ತು? ತಳ ತೂತಾಗೈತಾ ನೋಡ್ಲಾ.”

ಮುನಿರಾಮಯ್ಯ ಬಗ್ಗಿ ತಳವನ್ನು ನಿಜವಾಗಿಯೂ ನೋಡಿದರು.

ಮಹೇಂದ್ರ ಇನ್ನೊಮ್ಮೆ ಹಚ್ಚಿದ, ಅದೇ ಸಾಲು. ಮತ್ತೊಮ್ಮೆ ಹಚ್ಚಿದ, ಅದೇ ಸಾಲು. ಒಂದೊಂದಕ್ಕೂ ಕಾಯಿ ಒಡೆದು ಒಡೆದು ರೇವಣಸಿದ್ದಯ್ಯನವರ ಭುಜ ಇಳಿದುಹೋಯಿತು. ಕೊನೆಗೆ ಮಹೇಂದ್ರ ಸಾಬೀರನಿಗೆ ಫೋನು ಹಚ್ಚಿದ. ಸಾಬೀರನದು ರಾಮನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಯಾವಾಗ ಫೋನು ಮಾಡಿದರೂ ಆತ ಅಂಗಡಿಯೊಂದನ್ನು ಬಿಟ್ಟು ಬೇರೆಲ್ಲಾದರೂ ಇರುತ್ತಿದ್ದ. ಈ ಹೊತ್ತು ಬಿಡದಿಯಲ್ಲಿ ತಟ್ಟೆ ಇಡ್ಲಿಯ ಮುಂದೆ ಕೂತಿದ್ದ.

“ವಿಡಿಯೋ ಹಾಕಿ ಪರದೆ ತೋರ್ಸಣ್ಣ,” ಎಂದ ಸಾಬೀರ್, ಇಡ್ಲಿ ಮುರಿಯುತ್ತಾ. ನೋಡಿದ. ನಕ್ಕ. “ಬ್ಯಾಕಪ್ ಏನೋ ಚೆನ್ನಾಗೇ ಬಿದ್ದೈತೆ. ಆದ್ರೆ ಅದು ಹಳೇ ಬಯೋಸ್ ಕಾಲದ್ದು. ಹಳೇ ಕಂಪ್ಯೂಟ್ರು ಡಿಸ್ಕಿನ ಮೊದಲ್ನೇ ಜಾಗದಲ್ಲಿ ಏನ್ ಬರ್ದೈತೋ ಅದನ್ನ ಓದಿ ಎದ್ದು ಕೂರ್ತಿತ್ತು. ಹೊಸದು ಯುಇಎಫ್‌ಐ. ಅದು ಡಿಸ್ಕಲ್ಲಿ ಒಂದು ಬೇರೆ ಸಣ್ಣ ರೂಮ್ ಹುಡುಕ್ತದೆ, ಆ ರೂಮಲ್ಲಿ ಒಂದು ಫೈಲ್ ಹುಡುಕ್ತದೆ. ನಿನ್ ಹಳೇ ಬ್ಯಾಕಪ್ಪಲ್ಲಿ ಆ ರೂಮೇ ಇಲ್ವಲ್ಲ.”

ಜನಕ್ಕೆ ಅರ್ಥವಾಗಲಿಲ್ಲ. ಮುನಿರಾಮಯ್ಯ ಎಲ್ಲರ ಕಡೆ ತಿರುಗಿ ಬಿಡಿಸಿ ಹೇಳಿದರು. “ನಮ್ ತಾತ ಬೆಂಗ್ಳೂರಲ್ಲಿ ಮೊಮ್ಮಗನ ಅಪಾರ್ಟ್‌ಮೆಂಟಿಗೆ ಹೋದಂಗೆ ಕಣ್ರಲಾ. ತಾತ ಸರೀಗೇ ಅವ್ನೆ, ಕೈಯಾಗೆ ರಾಗಿ ಗಂಟೂ ಐತೆ. ಗೇಟ್ನಾಗೆ ವಾಚ್‌ಮನ್ನು ಕಾರ್ಡ್ ತೋರ್ಸು ಅಂತವ್ನೆ. ತಾತನತ್ರ ಕಾರ್ಡಿಲ್ಲ.”

“ಅದೇ ಚಾಚಾ, ಅದೇ,” ಎಂದಿತು ಫೋನು. “ಈಗ ವಾಚ್‌ಮನ್ನಿಗೆ ಹೇಳ್ಬೇಕು, ಹಳಬರನ್ನ ಹಳೇ ತರಾನೇ ಬಿಡಪ್ಪಾ ಅಂತ. ಅದಕ್ಕೆ ‘ಲೆಗಸಿ’ ಅಂತ ಒಂದು ಐತೆ. ಹಚ್ಚಿದ ತಕ್ಷಣ ಎಫ್-ಟೂ ಟಕಟಕ ಅಂತ ಒತ್ತಣ್ಣ.”

ಹಚ್ಚಿದ ತಕ್ಷಣ ಟಕಟಕ ಒತ್ತುವುದಕ್ಕೆ ಒಂದು ಕೈ ಸಾಕು. ಅಲ್ಲಿ ಸಹಾಯಕ್ಕೆ ಊರೇ ಇತ್ತು. ಮಹೇಂದ್ರ ಒತ್ತುತ್ತಿದ್ದಂತೆ ಗಂಗಲಕ್ಷ್ಮಮ್ಮ, ಹುಡುಗನ ಬೆರಳಿಗೆ ಶಕ್ತಿ ಸಾಲದೆಂದು, ಮುದ್ದೆ ತಿರುವುವ ತನ್ನ ಅಂಗೈಯನ್ನು ಕೀಬೋರ್ಡಿನ ಮೇಲೆ ಊರಿಬಿಟ್ಟಳು. ಯಂತ್ರ ಕೀಂ ಕೀಂ ಎಂದು ಕಿರುಚಿ ನಿಂತೇ ಹೋಯಿತು. ಆರಿಸಿ ಹಚ್ಚಬೇಕಾಯಿತು. ರಸ್ತೆಯಲ್ಲಿ ಮತ್ತೆ ಕಾಯಿ.

ಅಷ್ಟರಲ್ಲಿ ಸಂಜೆಯ ಹಾಲು ಕರೆದಾಗಿ, ಒಬ್ಬೊಬ್ಬರೇ ಕ್ಯಾನು ಹಿಡಿದು ಬರತೊಡಗಿದ್ದರು. ಯಂತ್ರ ಇನ್ನೂ ಎದ್ದಿಲ್ಲ ಎಂದು ತಿಳಿದು ಎಲ್ಲರ ಮುಖವೂ ಪ್ರಸನ್ನವಾಗಿತ್ತು. ಇಷ್ಟು ಕಷ್ಟದಲ್ಲೂ ತನ್ನ ಧೈರ್ಯ ಕೆಡದಿರಲೆಂದು ನಗುತ್ತಿದ್ದಾರೆ ಎಂದು ಮಹೇಂದ್ರ ತಿಳಿದ. ಅಂಥವರನ್ನು ಬಾಯಾರಿಸಿ ನಿಲ್ಲಿಸುವುದು ಹೇಗೆ? ಮತ್ತೆ ಫೋನು ತೆಗೆದ.

“ಚೈತ್ರಾ, ಕಾಫಿ.”

ಈ ಸಲ ಚೈತ್ರಾ ಪೂರ್ತಿ ಕೇಳುವ ಮೊದಲೇ ಫೋನಿಟ್ಟಳು. ಕಾಫಿ ಬಂತು, ಜನ ಹೆಚ್ಚಾಗಿದ್ದಕ್ಕೆ ಇನ್ನೊಮ್ಮೆ ಹೇಳಿದ, ಮತ್ತೂ ಬಂತು. ಗಂಗಲಕ್ಷ್ಮಮ್ಮ ಖಾಲಿ ಪಾತ್ರೆಯನ್ನು ತಾನೇ ಮರ್ಯಾದೆಯಿಂದ ಚೈತ್ರಾಳ ಅಡುಗೆಮನೆಗೆ ಮುಟ್ಟಿಸಿ ಬಂದಳು.

ಕೊನೆಗೂ ನೀಲಿ ಬಣ್ಣದ ಪುಟವೊಂದು ತೆರೆಯಿತು. ಸಾಬೀರ್ ಹೇಳಿದಂತೆ ಮಹೇಂದ್ರ ಆ ಪುಟದಲ್ಲಿದ್ದ ಭದ್ರತೆಯ ಬೀಗವೊಂದನ್ನು ತೆಗೆದ, ‘ಲೆಗಸಿ’ ಎಂಬುದನ್ನು ಹಚ್ಚಿದ. ಆಮೇಲೆ ಒಂದು ಪಟ್ಟಿ ಬಂತು.

“ಇದು ಯಾವುದನ್ನ ಮೊದ್ಲು ನೋಡ್ಬೇಕು, ಯಾವುದನ್ನ ಆಮೇಲೆ ಅಂತ. ಡಿಸ್ಕು ಕೆಳಗೈತಲ್ಲ, ಮೇಲಕ್ಕೆ ತಗೋ,” ಎಂದ ಸಾಬೀರ್.

ಇದು ಮಾತ್ರ ರೇವಣಸಿದ್ದಯ್ಯನವರಿಗೆ ಚೆನ್ನಾಗಿ ಅರ್ಥವಾಯಿತು. ಊರಿನಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ವಿಷಯದಲ್ಲಿ ಅವರು ಬಿಡಿಸಿದ ಜಗಳಗಳಿಗೆ ಲೆಕ್ಕವಿಲ್ಲ.

“ಹಂಗಾರೆ ಅದ್ಕೇ ಕ್ವಾಪ ಮಾಡ್ಕೊಂಡು ಮೂಲೇಲಿ ಕುಂತದೆ,” ಎಂದರು. “ಹಿರೀಕನಿಗೆ ಮೊದಲ ಮರ್ವಾದೆ ಕೊಡ್ಲಾ. ಯಾವೋನು ಎದ್ದು ಬರಾಕಿಲ್ಲ ನೋಡೇಬುಡ್ತೀನಿ.”

ಮಹೇಂದ್ರ ಡಿಸ್ಕನ್ನು ಎಲ್ಲಕ್ಕಿಂತ ಮೇಲೆ ಕೂರಿಸಿ, ಉಳಿಸಿ, ಹೊರಬಂದ. ಪರದೆ ಕಪ್ಪಾಯಿತು. ಇಡ್ಲಿ ತಿನ್ನುತ್ತಿದ್ದ ಸಾಬೀರನೂ ಬಾಯಿ ನಿಲ್ಲಿಸಿದ. ಕಪ್ಪು ಹಾಗೇ ಇತ್ತು. ಗುಂಪಿನಲ್ಲಿ ಯಾರೋ ನೆಮ್ಮದಿಯ ಉಸಿರು ಬಿಡುವುದಕ್ಕೂ, ಪರದೆಯ ನಡುವೆ ನಾಲ್ಕು ಬಣ್ಣದ ಪುಟ್ಟ ಬೆಳಕುಗಳು ಸುತ್ತಿ ಬಂದು ಒಂದಾಗುವುದಕ್ಕೂ ಸರಿಹೋಯಿತು.

ಹಳೆಯ ಸಿಸ್ಟಮ್ಮು ಹೊಸ ಮೈಯಲ್ಲಿ ಕಣ್ಣು ಬಿಟ್ಟಿತು. ಅದೇ ಹಸಿರು ಹೊಲದ ಚಿತ್ರ, ಅದೇ ಜಾಗದಲ್ಲಿ ಅದೇ ಹಾಲಿನ ಕ್ಯಾನಿನ ಗುರುತು. ಮಹೇಂದ್ರ ಒತ್ತಿದ. ಪರೀಕ್ಷೆಯ ಯಂತ್ರ ಗುರ್ ಎಂದಿತು, ಗೋಡೆಯ ಬೋರ್ಡಿನಲ್ಲಿ ‘ಸ್ವಾಗತ’ ಎಂದು ಕೆಂಪಕ್ಷರ ಹರಿಯಿತು.

ಮಹೇಂದ್ರ ಅತ್ತೇಬಿಟ್ಟ. ಫೋನಿನೊಳಗಿನ ಸಾಬೀರನಿಗೆ, ಭುಜ ಒತ್ತಿಕೊಳ್ಳುತ್ತಿದ್ದ ಅಧ್ಯಕ್ಷರಿಗೆ, ಮುನಿರಾಮಯ್ಯನವರಿಗೆ, ಗಂಗಲಕ್ಷ್ಮಮ್ಮನ ಅಂಗೈಗೆ, ಕೊನೆಗೆ ಇಡೀ ಗುಂಪಿಗೆ ಸುತ್ತು ಹಾಕಿ ಕೈಮುಗಿದ. “ಹೆತ್ತ ತಂದೆ ತಾಯೂ ಇಂಗೆ ನಿಂತ್ಕಳಾಕಿಲ್ಲ. ಈ ಊರ ಋಣ ನಾನು ಎಂಗೆ ತೀರುಸ್ಲಿ?” ಎಂದ. ಅದು ಅವನ ಹೊಟ್ಟೆಯೊಳಗಿನಿಂದ ಬಂದ ಮಾತು. ಗುಂಪು ಮಾತ್ರ ಯಾಕೋ ಸಂತೆ ಮುಗಿದ ಮೇಲಿನ ಮೈದಾನದಂತೆ ತಣ್ಣಗಿತ್ತು.

ಅದೇ ಗಳಿಗೆಗೆ ಅಧಿಕಾರಿ ರುದ್ರಪ್ರಸಾದ್ ಬೈಕಿನಿಂದ ಇಳಿದರು. ಹೊಸ ಯಂತ್ರವನ್ನೂ ಬೋರ್ಡನ್ನೂ ನೋಡಿ, “ಹಳೇ ಸಿಸ್ಟಮ್ಮನ್ನ ಹೊಸದರಲ್ಲಿ ಎಬ್ಬಿಸಿದ್ದೀರಾ? ನಮ್ಮ ಆಫೀಸಲ್ಲೇ ಇದು ಯಾರಿಗೂ ಆಗಿರಲಿಲ್ಲ,” ಎಂದು ಮಹೇಂದ್ರನ ಕೈ ಕುಲುಕಿದರು. ಚೀಲದಿಂದ ಆದೇಶದ ಕವರು ತೆಗೆದು ಮೇಜಿನ ಮೇಲಿಟ್ಟರು. “ಶುರು ಮಾಡಿ. ಒಂದು ಕ್ಯಾನು ಹಿಡಿದರೆ ಸಾಕು, ಇದನ್ನು ಕೊಟ್ಟು ಹೊರಡ್ತೀನಿ.”

ಸರತಿಯಲ್ಲಿ ಮೊದಲು ನಿಂತಿದ್ದವಳು, ಎಂದಿನಂತೆ, ಗಂಗಲಕ್ಷ್ಮಮ್ಮ. ಆ ದಿನ ಅವಳ ಕ್ಯಾನು ಕಂಠದವರೆಗೆ ತುಂಬಿತ್ತು. ಹಾಗೆ ನೋಡಿದರೆ ಆ ಸಂಜೆ ಎಲ್ಲರ ಕ್ಯಾನುಗಳೂ ಎಂದಿಗಿಂತ ಹೆಚ್ಚೇ ತುಂಬಿದ್ದವು, ಹಸುಗಳಿಗೇನು ಸಂತೋಷವಾಗಿತ್ತೋ.

“ನಂದು ಆಮೇಲಾಗ್ಲಿ,” ಎಂದು ಗಂಗಲಕ್ಷ್ಮಮ್ಮ ಪಕ್ಕಕ್ಕೆ ಸರಿದಳು. “ಮುಚ್ಚಳ ಬಿಗ್ಯಾಗೈತೆ. ಮುನಿರಾಮಣ್ಣ, ನೀನ್ ಉಯ್ಯಿ.”

“ನಾನಾ? ಮಂಡಿ ನೋವು ಕಣವ್ವ, ಮೆಟ್ಲತ್ತಾಕಾಗಾಕಿಲ್ಲ,” ಎಂದರು ಬೆಳಗಿನಿಂದ ಅದೇ ಮೆಟ್ಟಿಲು ಹತ್ತಿ ಇಳಿದಿದ್ದ ಮುನಿರಾಮಯ್ಯ. “ಯಜಮಾನ್ರದ್ದು ಮೊದ್ಲು. ಅಧ್ಯಕ್ಷ್ರಿಗಿಂತ ಮುಂದೆ ನಾವಾ?”

ರೇವಣಸಿದ್ದಯ್ಯನವರು ತಮ್ಮ ಕ್ಯಾನನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಅಷ್ಟರಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಕ್ಯಾನು ಹಿಡಿದು ಕೊನೆಯಲ್ಲಿ ಬಂದು ನಿಂತ ಚೈತ್ರಾ ಅವರ ಕಣ್ಣಿಗೆ ಬಿದ್ದಳು. ಅವರ ಮುಖ ಅರಳಿತು.

“ಬೆಳಗಿಂದ ಊಟ ಬುಟ್ಟು ದುಡ್ದೋನು ಯಾರು? ಮಹೇಂದ್ರ. ನಮ್ಗೆಲ್ಲ ಕಾಫಿ ಕೊಟ್ಟೋಳು ಯಾರು? ಅವನ ಯೆಂಡ್ತಿ. ಇವತ್ತಿನ ಮೊದಲ ಮರ್ವಾದೆ ಕಾರ್ಯದರ್ಶಿ ಮನೇದು. ಏನ್ರಲಾ?”

“ಹೌದೌದು” ಎಂದು ಊರು ಒಂದೇ ಬಾಯಲ್ಲಿ ಒಪ್ಪಿತು. ಹುಲಿಕಟ್ಟೆಪಾಳ್ಯದಲ್ಲಿ ಮೊದಲ ಮರ್ಯಾದೆಯ ವಿಷಯದಲ್ಲಿ ಇಂಥ ಒಮ್ಮತ ಅದುವರೆಗೆ ಬಂದದ್ದೇ ಇಲ್ಲ. ಚೈತ್ರಾಳನ್ನು ಕೈಹಿಡಿದು, ಬೆನ್ನ ಮೇಲೆ ಕೈಯಿಟ್ಟು, ಸರತಿಯ ಹಿಂದಿನಿಂದ ಮುಂದಕ್ಕೆ ದಾಟಿಸಿಬಿಟ್ಟರು.

ಮಹೇಂದ್ರ ಪರೀಕ್ಷೆಯ ಯಂತ್ರವನ್ನು ಇನ್ನೊಮ್ಮೆ ಒರೆಸಿದ. ಹೊರಗಿನಿಂದ ಬಂದವನಿಗೆ ಊರ ಮೊದಲ ಮರ್ಯಾದೆ. ಚೈತ್ರಾ ಮಾತ್ರ ಕ್ಯಾನನ್ನು ಬಿಡದೆ ಅವನ ಅಂಗಿ ಎಳೆದಳು.

“ರೀ, ಒಸಿ ಇಲ್ಬನ್ನಿ. ನಂದು ಈಗ ಬ್ಯಾಡ. ಮನೇಗೋಗಿ ಬತ್ತೀನಿ.”

“ನಾಚ್ಕೆ ಪಡ್ಬೇಡ ಕಣೆ. ಅವರು ಪ್ರೀತಿಯಿಂದ ಕೊಡ್ತಾವ್ರೆ,” ಎಂದ ಮಹೇಂದ್ರ. ಅವಳ ಕೈಯಿಂದ ಕ್ಯಾನು ಬಿಡಿಸಿಕೊಂಡು, ಸಾಹೇಬರ ಎದುರು, ಊರೆದುರು, ತಾನೇ ಸುರಿದ.

ಯಂತ್ರ ಒಂದು ಗುಟುಕು ಹೀರಿತು. ಗುರ್ ಎಂದಿತು. ಬೆಳಗಿನಿಂದ ಹಠ ಹಿಡಿದಿದ್ದ ಕಂಪ್ಯೂಟರ್ ಈಗ ಒಂದು ಕ್ಷಣವೂ ತಡಮಾಡಲಿಲ್ಲ. ಗೋಡೆಯ ಬೋರ್ಡಿನಲ್ಲಿ, ಮಾಗಡಿ ರಸ್ತೆಯ ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಮಹೇಂದ್ರನ ಹೆಸರೂ ಅದರ ಕೆಳಗೆ ‘ಹಾಲಿಗಿಂತ ನೀರು ಹೆಚ್ಚು, ಹಾಲು ವಾಪಸ್’ ಎಂಬುದೂ ಮೂಡಿತು.

ಸರತಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಕ್ಯಾನಿನ ಹಿಡಿಗೆ ಕೈಹಾಕಿದರು.

“ಯಂತ್ರ ಸರೀಗಿಲ್ಲ ಸಾರ್, ಈಗ ತಾನೆ ಎದ್ದೈತೆ,” ಎಂದ ಮಹೇಂದ್ರ ತೊದಲುತ್ತಾ.

ರುದ್ರಪ್ರಸಾದ್ ಬೇರೊಂದು ಲೋಟದಲ್ಲಿ ಆ ಹಾಲನ್ನು ಎತ್ತಿ ಬೆಳಕಿಗೆ ಹಿಡಿದರು. ಲೋಟದಾಚೆಗೆ ಬಾಗಿಲಲ್ಲಿ ನಿಂತವರ ಮುಖ ಗುರುತು ಸಿಗುವಂತಿತ್ತು.

ಚೈತ್ರಾ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. “ಬೆಳಗಿಂದ ಕಾಫಿ ಕಾಫಿ ಅಂದ್ರಿ. ಬೆಳಗ್ಗೆ ಮನೆಗಂತ ಇಟ್ಕಂಡಿದ್ದ ಹಾಲು ಮಧ್ಯಾನಕ್ಕೇ ಮುಗೀತು. ಸಂಜೆ ಕರ್ದಿದ್ದೂ ನಿಮ್ಮ ಕಾಫಿಗೇ ಓಯ್ತು. ತಳದಾಗೆ ಒಂದೀಟು ಉಳಿದಿತ್ತು. ಸಾಯೇಬ್ರ ಮುಂದೆ ಕಾರ್ಯದರ್ಶಿ ಯೆಂಡ್ತಿ ಖಾಲಿ ಕ್ಯಾನ್ ತಂದ್ಲು ಅಂತ ಆಗ್ಬಾರ್ದು ಅಂತ ನೀರುಯ್ದೆ. ಯಂತ್ರ ಇವತ್ತು ಏಳಾಕಿಲ್ಲ, ಸರಾಸರಿನೇ ಕಣವ್ವ, ನಾವೆಲ್ಲ ಅಂಗೇ ತರೋದು ಅಂತ ಗಂಗಕ್ಕನೇ ಬಂದು ಏಳಿದ್ರು.”

ಮಹೇಂದ್ರ ಗಂಗಕ್ಕನಿಗಾಗಿ ತಿರುಗಿದ. ಗಂಗಕ್ಕ ಇರಲಿಲ್ಲ. ಅವಳ ಕ್ಯಾನೂ ಇರಲಿಲ್ಲ. ಒಬ್ಬರ ಕರು ಹಗ್ಗ ಬಿಚ್ಚಿಕೊಂಡಿತ್ತಂತೆ, ಇನ್ನೊಬ್ಬರು ಒಲೆ ಆರಿಸುವುದನ್ನು ಮರೆತಿದ್ದರಂತೆ. ಮಂಡಿನೋವಿನ ಮುನಿರಾಮಯ್ಯ ತುಂಬಿದ ಕ್ಯಾನನ್ನು ಹೆಗಲಿಗೇರಿಸಿಕೊಂಡು ಓಡುತ್ತಿರುವುದು ದೂರದ ತಿರುವಿನಲ್ಲಿ ಕಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಂಘದ ಅಂಗಳ ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು.

ರುದ್ರಪ್ರಸಾದ್ ಒಳ್ಳೆಯ ಮನುಷ್ಯ, ಅವರಿಗೂ ಬೇಸರವಾಗಿತ್ತು. ಮೇಜಿನ ಮೇಲಿನ ಕವರನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು.

“ಕೆಲಸ ಕಳೆಯೋದಿಲ್ಲ, ಯೋಚನೆ ಮಾಡಬೇಡಿ. ಇಷ್ಟು ಚೆನ್ನಾಗಿ ಯಂತ್ರ ನಡೆಸೋರು ಬೇರೆ ಸಿಕ್ಕೋದಿಲ್ಲ,” ಎಂದರು. “ಆದರೆ ಊರೆದುರಿಗೆ ಬೋರ್ಡಲ್ಲಿ ಬಂದಮೇಲೆ ನಾನೇನು ಮಾಡಲಿ? ಕಂಪ್ಯೂಟರ್ ಕಾಯಂ ಅಂತ ಬರೆದುಕೊಳ್ತೀನಿ. ನಿಮ್ಮದು ಸದ್ಯಕ್ಕೆ ತಾತ್ಕಾಲಿಕವಾಗೇ ಇರಲಿ.”

ಬೈಕಿನ ಸದ್ದು ಅಡಗಿದ ಮೇಲೆ ಗಂಡ ಹೆಂಡತಿ ಖಾಲಿ ಕ್ಯಾನು ಹಿಡಿದು ಹಿತ್ತಲ ಮನೆಗೆ ಬಂದು ಕೂತರು. ಸ್ವಲ್ಪ ಹೊತ್ತಿಗೆ ಕದ ಬಡಿಯಿತು. ರೇವಣಸಿದ್ದಯ್ಯನವರು ಪಂಚೆಯ ಸೆರಗಲ್ಲಿ ಒಂದು ಚೊಂಬು ಮುಚ್ಚಿಕೊಂಡು ನಿಂತಿದ್ದರು. ಒಳಗೆ ಬಂದವರೇ ಮಹೇಂದ್ರನ ಎರಡು ಕೈಯನ್ನೂ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ನಿನ್ನ ಉಪಕಾರ ಸಾಯೋಗಂಟ ಮರೆಯಾಕಿಲ್ಲ ಕಣ್ಲಾ. ಅಧ್ಯಕ್ಷನ ಹೆಸ್ರು ಆ ಬೋರ್ಡ್ನಾಗೆ ಬಂದಿದ್ರೆ ನಾನು ತಲೆ ಎತ್ಕಂಡು ತಿರುಗ್ತಿದ್ನಾ? ನೀನು ಮುಂದೆ ಉಯ್ದು ನನ್ ಮಾನ ಉಳಿಸ್ಬುಟ್ಟೆ.”

ಚೊಂಬನ್ನು ಚೈತ್ರಾಳ ಕೈಗೆ ಕೊಟ್ಟು ಹೋದರು. ಅವರ ಹಿಂದೆ ಗಂಗಲಕ್ಷ್ಮಮ್ಮ ಬಂದಳು, ಒಂದು ಚೊಂಬಿನೊಂದಿಗೆ. “ಮನೆಯೋರ್ಗೆ ಅಂತ ಬೇರೆ ಎತ್ತಿಟ್ಕಂಡಿರೋ ಹಾಲು ಕನ್ಮಗ. ಒಂದನಿ ನೀರಿಲ್ಲ,” ಎಂದು ಅವನ ತಲೆ ಸವರಿ ಹೋದಳು. ಮುನಿರಾಮಯ್ಯ ಬಂದರು. ಆಮೇಲೆ ಬೀದಿಗೆ ಬೀದಿಯೇ ಬಂತು. ಒಬ್ಬೊಬ್ಬರೂ ಕೈಹಿಡಿದು, ಕಣ್ಣೊರೆಸಿಕೊಂಡು, ದೇವರಿಗೆ ಒಪ್ಪಿಸುವಂತೆ ಹಾಲು ಒಪ್ಪಿಸಿ ಹೋದರು. ಅವರ ಕೃತಜ್ಞತೆಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದನ್ನು ಕಂಡು, ಇಷ್ಟೆಲ್ಲ ಆದಮೇಲೂ, ಮಹೇಂದ್ರನ ಕಣ್ಣು ಇನ್ನೊಂದು ಸಲ ತುಂಬಿತು.

ಚೈತ್ರಾ ಎಲ್ಲವನ್ನೂ ತಮ್ಮ ಖಾಲಿ ಕ್ಯಾನಿಗೆ ಸುರಿದಳು. ಅದು ಬಾಯಿತನಕ ತುಂಬಿತು. ಮಹೇಂದ್ರ ಸೌಟಿನಿಂದ ಒಂದಿಷ್ಟು ಎತ್ತಿ ಬಿಟ್ಟು ನೋಡಿದ. ಬಿಳಿ ಹಗ್ಗದಂತೆ ಇಳಿಯಿತು. ಈ ಊರಿನ ಹಾಲನ್ನು ದಿನಾ ಹಿಡಿಯುವ ಅವನು, ಈ ಊರಿನ ಹಾಲು ಇಷ್ಟು ಗಟ್ಟಿಯಾಗಿರುತ್ತದೆ ಎಂಬುದನ್ನು ನೋಡಿದ್ದು ಅದೇ ಮೊದಲು.

“ಎಂಥಾ ಒಳ್ಳೇ ಜನ ನೋಡೆ,” ಎಂದ.

ಚೈತ್ರಾ ಕ್ಯಾನಿನ ಮುಚ್ಚಳ ಹಾಕಿದಳು. “ಜನಾನೂ ಒಳ್ಳೇರು, ಹಾಲೂ ಒಳ್ಳೇದು. ಇದನ್ನೇ ಒಸಿ ಮುಂಚೆ ತಂದುಕೊಟ್ಟಿದ್ರೆ ನೀವು ಕಾಯಂ ಆಯ್ತಿದ್ರಿ,” ಎಂದಳು.